ಪ್ರಯೋಗಶಾಲೆಯ ಕಿಟಕಿಯಿಂದ: ಎಪ್ಪತ್ತಮೂರರ ಆಸೆ



ಕಳೆದ ಸಂಚಿಕೆಯಲ್ಲಿ ನಾವು ಸಮುದ್ರದ ಉಪ್ಪುನೀರು ನಮ್ಮ ಮನೆಯ ನಲ್ಲಿಗೆ ಸಿಹಿನೀರಾಗಿ ಬರುವ ಬಗೆಯನ್ನು ಬರೆದಿದ್ದೆವು. ಓದಿ ಮೂವರು ಮಹನೀಯರು ಫೋನ್ ಮಾಡಿದರು. ಮೂವರೂ ನೀರಿನ ವಿಷಯವನ್ನು ಎರಡು ಮಾತಿನಲ್ಲಿ ಮುಗಿಸಿ, "ಅದಿರಲಿ ಡಾಕ್ಟ್ರೇ, ನಮ್ಮ ಮಗುವಿಗೆ ಇಷ್ಟೇ ಪರ್ಸೆಂಟು ಬಂದಿದೆ, ಅಷ್ಟು ದೊಡ್ಡ ಕಾಲೇಜಿಗೆ ಅರ್ಜಿ ಹಾಕಬಹುದೇ?" ಎಂದು ಕೇಳಿದರು. ಹೆಸರಿನ ಹಿಂದೆ ಡಾಕ್ಟರು ಇದ್ದವರಿಗೆ ಇದೊಂದು ಕಷ್ಟ. ಕೆಲವರು ಮಂಡಿನೋವಿಗೆ ಮಾತ್ರೆ ಕೇಳುತ್ತಾರೆ, ಕೆಲವರು ಕಾಲೇಜಿನ ಸೀಟು ಕೇಳುತ್ತಾರೆ. ಮಾತ್ರೆ ಕೇಳಿದವರಿಗೆ ನಾವು ಕೈಮುಗಿದು ಬಿಡುತ್ತೇವೆ. ಸೀಟಿನ ಮಾತನ್ನು ಈ ಸಲದ ಅಂಕಣಕ್ಕೆ ತೆಗೆದುಕೊಂಡಿದ್ದೇವೆ.

ಮೇ ತಿಂಗಳು ಬಂತೆಂದರೆ ನಮ್ಮವರ ಮನೆಗಳಲ್ಲಿ ಎರಡು ಬಗೆಯ ಸೆಖೆ. ಒಂದು ಹೊರಗಿನದು, ಅದಕ್ಕೆ ಏಸಿ ಇದೆ. ಇನ್ನೊಂದು ಹನ್ನೆರಡನೆಯ ತರಗತಿಯ ಫಲಿತಾಂಶದ್ದು, ಅದಕ್ಕೆ ಯಾವ ಯಂತ್ರವೂ ಇಲ್ಲ. ಸಂಘದ ಕೂಟದಲ್ಲಿ "ಊಟ ಆಯ್ತಾ?" ಎನ್ನುವುದಕ್ಕೆ ಮೊದಲು "ಎಷ್ಟು ಬಂತು?" ಎಂಬ ಪ್ರಶ್ನೆ ಬರುತ್ತದೆ. ತೊಂಬತ್ತೈದು ಬಂದವರ ಮನೆಯವರು ಪೇಡದ ಡಬ್ಬಿಯ ಜೊತೆ ಬರುತ್ತಾರೆ. ಎಪ್ಪತ್ತು ಬಂದವರ ಮನೆಯವರಿಗೆ ಅಂದೇ ಸರಿಯಾಗಿ ಕಾರು ಕೆಡುತ್ತದೆ. ಎರಡು ವರ್ಷ ರಾಜ್ಯೋತ್ಸವದ ನಾಟಕದಲ್ಲಿ ಚೆನ್ನಾಗಿ ಅಭಿನಯಿಸಿದ ಮಕ್ಕಳು ಮೂರನೆಯ ವರ್ಷ ತಾಲೀಮಿಗೆ ಬರದೇ ಹೋಗುವುದನ್ನು ನಾವೆಲ್ಲ ಕಂಡಿದ್ದೇವೆ. ಮಾರ್ಕ್ಸ್ ಕಾರ್ಡು ಒಂದು ಮಗುವನ್ನು ಕಾಲೇಜಿನಿಂದ ದೂರವಿಟ್ಟರೆ ಅದು ಕಾಲೇಜಿನ ವ್ಯವಹಾರ. ಅದೇ ಕಾರ್ಡು ಆ ಮಗುವನ್ನು ನಮ್ಮ ಸಂಘದಿಂದಲೂ ದೂರವಿಟ್ಟರೆ ಅದು ನಮ್ಮ ವ್ಯವಹಾರ.

ಇನ್ನು ಪ್ರಶ್ನೆಗೆ ಬರೋಣ. ಸಾಧಾರಣ ಅಂಕದ ಮಗು ಕಟ್ಟುನಿಟ್ಟಾಗಿ ಆರಿಸುವ ವಿದ್ಯಾಲಯದ ಆಸೆ ಇಟ್ಟುಕೊಳ್ಳಬಹುದೇ? ಉತ್ತರ ಒಂದಲ್ಲ, ಏಕೆಂದರೆ ಬಾಗಿಲು ಒಂದಲ್ಲ. ಒಂದೊಂದು ಬಾಗಿಲಿನ ಕಾವಲುಗಾರ ಒಂದೊಂದು ವಸ್ತುವನ್ನು ನೋಡುತ್ತಾನೆ. ಯಾವನು ಏನು ನೋಡುತ್ತಾನೆ ಎಂದು ತಿಳಿಯದೆ ಆಸೆ ಪಡುವುದೂ ಸರಿಯಲ್ಲ, ಆಸೆ ಬಿಡುವುದೂ ಸರಿಯಲ್ಲ.

ಮೊದಲು ನಮ್ಮ ಬಾಗಿಲಿಗೆ ಹತ್ತಿರದ್ದು. ಕತಾರಿನಲ್ಲಿ 1973ರಲ್ಲಿ ಅಧ್ಯಾಪಕರ ತರಬೇತಿಗೆಂದು ಶಿಕ್ಷಣ ಕಾಲೇಜು ಶುರುವಾಗಿ, 1977ರಲ್ಲಿ ಕತಾರ್ ವಿಶ್ವವಿದ್ಯಾಲಯವಾಯಿತು. ನಮ್ಮ ಹಿರಿಯರು ಬಂದ ಕಾಲದಲ್ಲಿ ಭಾರತೀಯ ಮಕ್ಕಳಿಗೆ ಶಾಲೆ ಮುಗಿದರೆ ಊರಿನ ವಿಮಾನವೇ ಗತಿ. 1995ರಲ್ಲಿ ಕತಾರ್ ಫೌಂಡೇಶನ್ ಹುಟ್ಟಿ, ಅಲ್ ರಯ್ಯಾನಿನ ಎಜುಕೇಶನ್ ಸಿಟಿಗೆ ಅಮೆರಿಕದ ಯುನಿವರ್ಸಿಟಿಗಳು ಒಂದೊಂದಾಗಿ ಬಂದವು. ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜು 2001ರಲ್ಲಿ, ಟೆಕ್ಸಾಸ್ ಎ ಅಂಡ್ ಎಂ 2003ರಲ್ಲಿ, ಕಾರ್ನೆಗಿ ಮೆಲನ್ 2004ರಲ್ಲಿ, ಜಾರ್ಜ್‌ಟೌನ್ 2005ರಲ್ಲಿ, ನಾರ್ತ್‌ವೆಸ್ಟರ್ನ್ 2008ರಲ್ಲಿ. ಈಗ ಅಲ್ಲಿಗೆ ಮೆಟ್ರೊದ ಹಸಿರು ಮಾರ್ಗದಲ್ಲಿ ಕೂತರೆ ಸಾಕು. ರೈಲು ಎಲ್ಲರಿಗೂ ನಿಲ್ಲುತ್ತದೆ, ಪ್ರವೇಶ ಮಾತ್ರ ಎಲ್ಲರಿಗೂ ಸಿಗುವುದಿಲ್ಲ.

ಈ ಕಾಲೇಜುಗಳು ಅಮೆರಿಕದ ಪದ್ಧತಿಯಂತೆ ಒಂದೇ ಪರೀಕ್ಷೆಯ ಅಂಕವನ್ನು ನೋಡಿ ಪಟ್ಟಿ ಮಾಡುವುದಿಲ್ಲ. ಒಂಬತ್ತನೆಯ ತರಗತಿಯಿಂದ ಮುಂದಿನ ಶಾಲಾ ದಾಖಲೆ, ಮಗು ತಾನೇ ಬರೆದ ಪ್ರಬಂಧ, ಅಧ್ಯಾಪಕರ ಪತ್ರ, ಶಾಲೆಯ ಹೊರಗೆ ಮಾಡಿದ ಕೆಲಸ, ಕೆಲವು ಕಡೆ ಸಂದರ್ಶನ, ಇವೆಲ್ಲ ಒಟ್ಟಿಗೆ ತೂಕಕ್ಕೆ ಬರುತ್ತವೆ. ಹಾಗೆಂದು ಅಂಕ ಲೆಕ್ಕಕ್ಕಿಲ್ಲ ಎಂದು ಯಾರೂ ತಿಳಿಯಬಾರದು. ಅಂಕ ಕಡಿಮೆಯಾದಷ್ಟೂ ಉಳಿದವು ಹೆಚ್ಚು ಭಾರ ಹೊರಬೇಕು, ಅಷ್ಟೆ. ಇನ್ನೊಂದು ವಿಷಯ: ಇಲ್ಲಿ ಅರ್ಜಿಯ ಗಡುವು ಹನ್ನೆರಡನೆಯ ತರಗತಿಯ ಫಲಿತಾಂಶಕ್ಕೆ ತಿಂಗಳುಗಳ ಮೊದಲೇ ಮುಗಿದಿರುತ್ತದೆ. ಮೇ ತಿಂಗಳಲ್ಲಿ ಎಚ್ಚರವಾಗುವವರಿಗೆ ಆ ವರ್ಷದ ಬಾಗಿಲು ಮುಚ್ಚಿಹೋಗಿರುತ್ತದೆ. ಶುಲ್ಕ ಕೇಳಿ ಎದೆ ಒಡೆದುಕೊಳ್ಳುವವರಿಗೆ ಒಂದು ಮಾತು: ಅಗತ್ಯವುಳ್ಳವರಿಗೆ ಕತಾರ್ ಫೌಂಡೇಶನ್ ಬಡ್ಡಿಯಿಲ್ಲದ ಸಾಲ ಕೊಡುವ ವ್ಯವಸ್ಥೆ ಇದೆ. ಷರತ್ತುಗಳನ್ನು ನೆರೆಮನೆಯವರ ಬಾಯಿಂದ ಕೇಳದೆ ಅಲ್ಲಿನ ಕಚೇರಿಯಲ್ಲೇ ವಿಚಾರಿಸಬೇಕು.

ಈ ಬಾಗಿಲನ್ನೇ ಪೂರ್ತಿ ನಂಬಿ ಕೂರುವಂತೆಯೂ ಇಲ್ಲ. ಟೆಕ್ಸಾಸ್ ಎ ಅಂಡ್ ಎಂ ನಮ್ಮವರ ಮಕ್ಕಳಿಗೆ ಕೆಮಿಕಲ್, ಪೆಟ್ರೋಲಿಯಂ ಇಂಜಿನಿಯರಿಂಗ್ ಓದಲು ಮನೆಬಾಗಿಲಿನ ಕಾಲೇಜಾಗಿತ್ತು. 2024ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಅದರ ಆಡಳಿತ ಮಂಡಳಿ ಸೇರಿ, ಇಲ್ಲಿನ ಶಾಖೆಯನ್ನು 2028ರೊಳಗೆ ಮುಚ್ಚುವುದೆಂದು ಮತ ಹಾಕಿತು. ಅದಕ್ಕೂ ನಮ್ಮ ಮಕ್ಕಳ ಅಂಕಕ್ಕೂ ಯಾವ ಸಂಬಂಧವೂ ಇರಲಿಲ್ಲ. ತೊಂಬತ್ತೊಂಬತ್ತು ಬಂದವನಿಗೂ ಬಾಗಿಲು ಮುಚ್ಚಬಹುದು ಎಂಬುದಕ್ಕೆ ಇದು ಸಾಕ್ಷಿ. ಇತ್ತ 2021ರಲ್ಲಿ ಪುಣೆ ವಿಶ್ವವಿದ್ಯಾಲಯದ ಶಾಖೆಯೊಂದು ದೋಹಾದಲ್ಲೇ ತೆರೆಯಿತು. ಬಾಗಿಲುಗಳ ಲೆಕ್ಕವನ್ನು ಪ್ರತಿವರ್ಷ ಹೊಸದಾಗಿ ಮಾಡಬೇಕು.

ಎರಡನೆಯದು ಊರಿನ ಬಾಗಿಲು. ನಮ್ಮಲ್ಲಿ ಅರ್ಧಕ್ಕರ್ಧ ಜನ ಕರಾವಳಿಯವರು, ಅವರ ಆಸೆಯ ಹೆಸರು ಸುರತ್ಕಲ್. 1960ರಲ್ಲಿ ಕರ್ನಾಟಕ ರೀಜನಲ್ ಇಂಜಿನಿಯರಿಂಗ್ ಕಾಲೇಜೆಂದು ಹುಟ್ಟಿ, 2002ರಲ್ಲಿ ಎನ್‌ಐಟಿ ಆದರೂ ಹಳಬರ ಬಾಯಲ್ಲಿ ಅದು ಇಂದಿಗೂ ಕೆಆರ್‌ಇಸಿ. ಹೊರದೇಶದಲ್ಲಿ ಓದಿದವರಿಗಾಗಿ ಇಂಥ ವಿದ್ಯಾಲಯಗಳಲ್ಲಿ 'ದಾಸಾ' ಎಂಬ ಯೋಜನೆ 2001-02ರಿಂದ ಇದೆ. ಅದರಲ್ಲಿ ಮೂರರಲ್ಲೊಂದು ಪಾಲು ಕೊಲ್ಲಿ ದೇಶಗಳಲ್ಲಿ ದುಡಿಯುವ ಭಾರತೀಯರ ಮಕ್ಕಳಿಗೆ ಮೀಸಲು, ಮತ್ತು ಅವರ ಬೋಧನಾ ಶುಲ್ಕ ಡಾಲರಿನ ಲೆಕ್ಕದ್ದಲ್ಲ, ಊರಿನ ವಿದ್ಯಾರ್ಥಿಗಳ ಮಟ್ಟದ್ದು. ಮೊದಲು ಇದಕ್ಕೆ ಸ್ಯಾಟ್ ವಿಷಯ ಪರೀಕ್ಷೆಗಳ ಅಂಕ ನೋಡುತ್ತಿದ್ದರು. ಆ ಪರೀಕ್ಷೆಗಳೇ 2021ರಲ್ಲಿ ನಿಂತುಹೋದ ಮೇಲೆ ಜೆಇಇ ಮೇನ್ ರ‍್ಯಾಂಕ್ ನೋಡುತ್ತಾರೆ. ಈ ಸೀಟುಗಳ ಕೊನೆಯ ರ‍್ಯಾಂಕು ಸಾಮಾನ್ಯ ಸೀಟುಗಳ ಕೊನೆಯ ರ‍್ಯಾಂಕಿಗಿಂತ ಬಹಳ ಕೆಳಗಿಳಿಯುವುದನ್ನು ಪ್ರಕಟವಾದ ಪಟ್ಟಿಗಳಲ್ಲಿ ಯಾರಾದರೂ ನೋಡಬಹುದು. ಆದರೆ ರ‍್ಯಾಂಕು ಬೇಕು, ಅಂದರೆ ಪರೀಕ್ಷೆಗೆ ಕೂರಬೇಕು. ಜೊತೆಗೆ ಹನ್ನೆರಡನೆಯ ತರಗತಿಯಲ್ಲೂ ಇಷ್ಟು ಇರಲೇಬೇಕೆಂಬ ಒಂದು ಗೆರೆ ಇರುತ್ತದೆ. ಆ ಕಾವಲುಗಾರನಿಗೆ ಪ್ರಬಂಧ ತೋರಿಸಿ ಪ್ರಯೋಜನವಿಲ್ಲ, ಅವನು ಅಂಕಿ ಬಿಟ್ಟು ಬೇರೇನನ್ನೂ ಓದುವುದಿಲ್ಲ.

ಕರ್ನಾಟಕದ ಸಿಇಟಿ ಇನ್ನೊಂದು ಬಾಗಿಲು. ಅದರ ಮೂಲ ಸಾಮಾನ್ಯವಾದದ್ದಲ್ಲ. ಕ್ಯಾಪಿಟೇಶನ್ ಫೀ ತಡೆಯಲು ಕರ್ನಾಟಕ 1984ರಲ್ಲೇ ಕಾನೂನು ಮಾಡಿತ್ತು. ಹಾಗಿದ್ದೂ ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಹೊರರಾಜ್ಯದವರಿಗೆ 60,000 ರೂಪಾಯಿ ಎಂಬ ದರವಿತ್ತು. ಮೀರತ್ತಿನ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ಸುಪ್ರೀಂ ಕೋರ್ಟಿಗೆ ಹೋದರು. 1992ರಲ್ಲಿ ಅವರ ಪರವಾಗಿ, 1993ರಲ್ಲಿ ಉಣ್ಣಿಕೃಷ್ಣನ್ ಮೊಕದ್ದಮೆಯಲ್ಲಿ ಮತ್ತಷ್ಟು ವಿವರವಾಗಿ ತೀರ್ಪು ಬಂತು. 1994ರಲ್ಲಿ ಕರ್ನಾಟಕದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ ಶುರುವಾಯಿತು. ಸೀಟಿಗೆ ಬೆಲೆಯ ಬದಲು ರ‍್ಯಾಂಕು ಬಂದದ್ದು ಹೀಗೆ. ಹೊರನಾಡು ಮತ್ತು ಗಡಿನಾಡು ಕನ್ನಡಿಗ ಮಕ್ಕಳಿಗೆ ಸಿಇಟಿಯ ಜೊತೆಗೆ ಒಂದು ಕನ್ನಡ ಪರೀಕ್ಷೆಯೂ ಇದೆ, ನಾಲ್ಕನೆಯ ತರಗತಿಯ ಪುಸ್ತಕದ ಮಟ್ಟದ್ದು. ಯಾರು ಈ ವಿಭಾಗಕ್ಕೆ ಸೇರುತ್ತಾರೆ ಎಂಬುದನ್ನು ಆಯಾ ವರ್ಷದ ಕೈಪಿಡಿಯಲ್ಲಿ ಓದಿ ನೋಡಿ. ನಮ್ಮ ಶುಕ್ರವಾರದ ಕನ್ನಡ ತರಗತಿಗೆ ಮಗುವನ್ನು ಕಳಿಸಲು "ಟ್ರಾಫಿಕ್ಕು" ಎನ್ನುವವರು ಈ ವಾಕ್ಯವನ್ನು ಎರಡು ಸಲ ಓದಬೇಕಾಗಿ ವಿನಂತಿ.

ಈಗ ಅಂಕದ ಬಗ್ಗೆ ನಮ್ಮ ಕಸುಬಿನ ಮಾತು ಒಂದು. ನಾವು ದಿನವೂ ಅಳೆದು ಬದುಕುವವರು. ಬ್ಯುರೆಟ್ಟಿನ ಮೇಲೆ ಮಿಲಿಲೀಟರಿನ ಹತ್ತರಲ್ಲೊಂದು ಪಾಲಿಗೆ ಒಂದು ಗೆರೆ ಇರುತ್ತದೆ. ಎರಡು ಗೆರೆಗಳ ನಡುವೆ ನಾವು ಓದುವುದೆಲ್ಲ ಕಣ್ಣಂದಾಜು. ಆದ್ದರಿಂದ ಒಂದೇ ಸಲ ಅಳೆದು ಯಾವ ರಸಾಯನಜ್ಞನೂ ಸಹಿ ಹಾಕುವುದಿಲ್ಲ, ಮೂರು ಸಲ ಅಳೆಯುತ್ತಾನೆ. ಹದಿನೇಳು ವರ್ಷದ ಮಗುವನ್ನು ಮಾತ್ರ ಮಾರ್ಚಿಯ ಒಂದು ಬೆಳಗ್ಗೆ ಮೂರು ಗಂಟೆ ಕೂರಿಸಿ ಒಂದೇ ಸಲ ಅಳೆದು, ಬಂದ ಅಂಕಿಯನ್ನು ಹಣೆಗೆ ಅಂಟಿಸುತ್ತೇವೆ. ಅಂಕ ಸುಳ್ಳೆಂದು ನಾವು ಹೇಳುತ್ತಿಲ್ಲ. ಪರೀಕ್ಷೆ ಅಳೆಯುವುದು ಒಂದನ್ನು: ಕೇಳಿದ್ದಕ್ಕೆ, ಕೊಟ್ಟ ಸಮಯದಲ್ಲಿ, ಒಪ್ಪುವ ಉತ್ತರ ಬರೆಯುವ ಶಕ್ತಿ. ಅದು ಬೆಲೆಯುಳ್ಳ ಶಕ್ತಿಯೇ. ಆದರೆ ಥರ್ಮಾಮೀಟರು ತೂಕ ಹೇಳುವುದಿಲ್ಲ.

ನಮ್ಮದೇ ಉದಾಹರಣೆ ಕೊಡುವುದು ಜಂಬವೆನಿಸಬಾರದು, ಏಕೆಂದರೆ ಉದಾಹರಣೆ ಅಂಥ ಜಂಬದ್ದೇನೂ ಅಲ್ಲ. ಪಿಯುಸಿಯಲ್ಲಿ ನಮಗೆ ಬಂದದ್ದು ಅರವತ್ತೊಂದು, ಬಿಎಸ್ಸಿಯಲ್ಲಿ ಎರಡನೆಯ ದರ್ಜೆ. ನಾವು ಬಯಸಿದ ಕಡೆ ಎಂಎಸ್ಸಿ ಸೀಟು ಮೊದಲ ವರ್ಷ ಸಿಗಲಿಲ್ಲ. ಎರಡು ವರ್ಷ ಒಂದು ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ಅಗಸೆ ಎಣ್ಣೆಯ ಅಯೋಡಿನ್ ಮೌಲ್ಯ ಅಳೆಯುವ ಕೆಲಸ ಮಾಡಿದೆವು. ಬೆಳಗ್ಗಿನಿಂದ ಸಂಜೆಯವರೆಗೆ ಅದೇ ಹೈಪೊ, ಅದೇ ಬ್ಯುರೆಟ್ಟು. ಮತ್ತೆ ಅರ್ಜಿ ಹಾಕಿದಾಗ ಸಂದರ್ಶನದಲ್ಲಿ ಒಬ್ಬ ಹಿರಿಯ ಪ್ರೊಫೆಸರು ಅಂಕಪಟ್ಟಿಯನ್ನು ಪಕ್ಕಕ್ಕಿಟ್ಟು, "ಪಿಷ್ಟದ ದ್ರಾವಣವನ್ನು ಮೊದಲೇ ಏಕೆ ಹಾಕುವುದಿಲ್ಲ?" ಎಂದು ಕೇಳಿದರು. ಅಯೋಡಿನ್ ಹೆಚ್ಚಿರುವಾಗಲೇ ಪಿಷ್ಟ ಹಾಕಿದರೆ ಅದು ಅಯೋಡಿನ್ನನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ನೀಲಿ ಬಣ್ಣ ಹೋಗಬೇಕಾದಾಗ ಹೋಗುವುದಿಲ್ಲ, ಲೆಕ್ಕ ತಪ್ಪುತ್ತದೆ, ದ್ರಾವಣ ಒಣಹುಲ್ಲಿನ ಬಣ್ಣಕ್ಕೆ ಬರುವವರೆಗೆ ಕಾಯಬೇಕು. ಪುಸ್ತಕದಲ್ಲಿ ಇದು ಒಂದು ಸಾಲು, ನಮಗೆ ಎರಡು ವರ್ಷದ ಬೆರಳಿನ ನೆನಪು. ಆ ಸಲ ಸೀಟು ಸಿಕ್ಕಿತು. ಅಂಕಪಟ್ಟಿ ಮಾತ್ರ ನೋಡುವ ಬಾಗಿಲಾಗಿದ್ದರೆ ಸಿಗುತ್ತಿರಲಿಲ್ಲ.

ದೊಡ್ಡವರ ಉದಾಹರಣೆಗಳೂ ಇವೆ. ಡಾ. ಟಿ. ಎಂ. ಎ. ಪೈಯವರು 1953ರಲ್ಲಿ ಮಣಿಪಾಲದ ಬೋಳುಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜು ಕಟ್ಟಿದರು. ಸರ್ಕಾರಿ ಕಾಲೇಜುಗಳಲ್ಲಿ ಇದ್ದ ಬೆರಳೆಣಿಕೆಯ ಸೀಟು ಸಿಗದವರಿಗೆ ಅದೊಂದು ದಾರಿಯಾಯಿತು. 1957ರಲ್ಲಿ ಅಲ್ಲೇ ಇಂಜಿನಿಯರಿಂಗ್ ಕಾಲೇಜೂ ಬಂತು. ಸತ್ಯ ನಾಡೆಲ್ಲಾ ಅವರು ತಾವು ಐಐಟಿಯ ಪ್ರವೇಶ ಪರೀಕ್ಷೆಯಲ್ಲಿ ಫೇಲಾದದ್ದನ್ನು 2017ರಲ್ಲಿ ಹೊರಬಂದ ತಮ್ಮ ಪುಸ್ತಕದಲ್ಲಿ ತಾವೇ ಹೇಳಿಕೊಂಡಿದ್ದಾರೆ. ಅವರು ಓದಿದ್ದು ಮಣಿಪಾಲದಲ್ಲಿ, 2014ರಲ್ಲಿ ಮೈಕ್ರೋಸಾಫ್ಟಿನ ಮುಖ್ಯಸ್ಥರಾದರು. ನಮ್ಮ ರಸಾಯನಶಾಸ್ತ್ರದಲ್ಲೇ 2009ರ ನೊಬೆಲ್ ಪಡೆದ ವೆಂಕಿ ರಾಮಕೃಷ್ಣನ್ ಅವರಿಗೂ ಐಐಟಿ ಸಿಕ್ಕಿರಲಿಲ್ಲ, ಅವರು ಬರೋಡದಲ್ಲಿ ಭೌತಶಾಸ್ತ್ರ ಓದಿದರು.

ಇಲ್ಲಿ ಒಂದು ಎಚ್ಚರಿಕೆ. ಇಂಥ ಕಥೆಗಳನ್ನು ವಾಟ್ಸಾಪಿನಲ್ಲಿ ಹಂಚಿ ಸಮಾಧಾನಪಡುವುದು ಸುಲಭ. ಗೆದ್ದವರ ಕಥೆ ಅಚ್ಚಾಗುತ್ತದೆ, ಹಾಗೇ ಪ್ರಯತ್ನಿಸಿ ಸೋತವರ ಕಥೆಯನ್ನು ಯಾರೂ ಬರೆಯುವುದಿಲ್ಲ. ಸಿಕ್ಕಿದ ಫಲಿತಾಂಶಗಳನ್ನು ಮಾತ್ರ ಬರೆದಿಟ್ಟು ಸಿಗದವನ್ನು ಹರಿದುಹಾಕುವ ಲ್ಯಾಬ್ ಪುಸ್ತಕವನ್ನು ನಾವು ನಂಬುವುದಿಲ್ಲ. ಆದ್ದರಿಂದ ಈ ಕಥೆಗಳಿಂದ "ಅಂಕ ಬೇಡ" ಎಂಬ ಪಾಠ ಬರುವುದಿಲ್ಲ. ಬರುವ ಪಾಠ ಇಷ್ಟೆ: ಒಂದು ಬಾಗಿಲು ಮುಚ್ಚಿದಾಗ ಇವರು ಓದುವುದನ್ನು ನಿಲ್ಲಿಸಲಿಲ್ಲ, ಸಿಕ್ಕ ಬಾಗಿಲಿನಲ್ಲಿ ಒಳಗೆ ಹೋಗಿ ಕೆಲಸ ಮಾಡಿದರು.

ಈಚೆಗೆ ನಮ್ಮ ಸದಸ್ಯರೊಬ್ಬರ ಮನೆಗೆ ಹೋಗಿದ್ದೆವು. ಅವರ ಮಗಳಿಗೆ ಹನ್ನೊಂದನೆಯ ತರಗತಿಯಲ್ಲಿ ಎಪ್ಪತ್ತಮೂರು. ಅವಳ ಆಸೆ ಎಜುಕೇಶನ್ ಸಿಟಿಯ ಒಂದು ಕಾಲೇಜು. ತಂದೆ ಉಡುಪಿ ಕಡೆಯವರು, "ಆಸೆಗೂ ಒಂದು ಲೆಕ್ಕ ಬೇಡವಾ ಮಾರಾಯ್ರೆ? ಸಿಗದಿದ್ದರೆ ಅತ್ತುಕೊಂಡು ಕೂರುತ್ತಾಳೆ. ಅದಕ್ಕೆ ಊರಲ್ಲಿ ಒಬ್ಬರ ಹತ್ತಿರ ಮಾತಾಡಿದ್ದೇನೆ, ಸ್ವಲ್ಪ ಮುಂಗಡ ಕೊಟ್ಟರೆ ಸೀಟು ಗ್ಯಾರಂಟಿ ಅಂತೆ" ಎಂದರು. ಮಗಳು ಏನೂ ಹೇಳಲಿಲ್ಲ. ತಾಯಿ ಚಹ ತಂದರು. ಬಾಲ್ಕನಿಯಲ್ಲಿ ಕರಿಬೇವಿನ ಗಿಡ ಸೊಂಪಾಗಿತ್ತು. ದೋಹಾದ ಬಿಸಿಲಲ್ಲಿ ಇದು ಹೇಗೆ ಬದುಕಿತು ಎಂದು ಕೇಳಿದೆವು. "ಏಸಿ ನೀರು ಅಂಕಲ್" ಎಂದಳು ಹುಡುಗಿ. ಆಮೇಲೆ ಸಂಕೋಚದಿಂದ ಒಂದು ನೋಟ್‌ಬುಕ್ ತಂದಳು.

ಎರಡು ಬೇಸಗೆ ಅವಳು ಪ್ರತಿರಾತ್ರಿ ಏಸಿಯ ಪೈಪಿನಿಂದ ತೊಟ್ಟಿಕ್ಕುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಬೆಳಗ್ಗೆ ಅಳೆದಿದ್ದಳು. ಪಕ್ಕದ ಕಾಲಂನಲ್ಲಿ ಆ ದಿನದ ತೇವಾಂಶ. ಜೂನಿನಲ್ಲಿ ಶಮಾಲ್ ಬೀಸುವ ಒಣ ದಿನಗಳಲ್ಲಿ ಎರಡು ಲೀಟರೂ ಇಲ್ಲ, ಆಗಸ್ಟಿನ ಬೆವರು ಸುರಿಯುವ ರಾತ್ರಿಗಳಲ್ಲಿ ಹನ್ನೊಂದು ಲೀಟರು. ಅತಿಥಿಗಳು ಬಂದು ಬಾಗಿಲು ಪದೇ ಪದೇ ತೆರೆದ ದಿನಗಳಿಗೆ ಚುಕ್ಕಿ ಗುರುತು. ನೀರು ಹಿಡಿಯಲು ಮರೆತ ದಿನಗಳಲ್ಲಿ ಅಂದಾಜು ಬರೆಯದೆ ಖಾಲಿ ಬಿಟ್ಟಿದ್ದಳು. ಬಂಧುಗಳೆ, ಆ ಖಾಲಿ ಮನೆಗಳನ್ನು ನೋಡಿ ನಮಗೆ ಆದ ಸಂತೋಷವನ್ನು ಹೇಳುವುದು ಕಷ್ಟ. ಸಂಶೋಧನೆಗೆ ಬರುವ ಎಷ್ಟೋ ಪದವೀಧರರಿಗೆ ಖಾಲಿ ಬಿಡುವ ಧೈರ್ಯವನ್ನು ಕಲಿಸಲು ಒಂದು ವರ್ಷ ಬೇಕಾಗುತ್ತದೆ. "ಇದನ್ನು ತೋರಿಸಿದರೆ ಅವರು ನಗುವುದಿಲ್ವಾ ಅಂಕಲ್?" ಎಂದು ಕೇಳಿದಳು. ತಾಯಿ ಆ ಪುಸ್ತಕವನ್ನು ಹಳೇ ಪೇಪರಿನ ಜೊತೆ ಹಾಕಲು ಎರಡು ಸಲ ಎತ್ತಿಟ್ಟಿದ್ದರಂತೆ.

ನಾವು ತಂದೆಗೆ ಹೇಳಿದ್ದು ಎರಡು ಮಾತು. ಒಂದು, ಗ್ಯಾರಂಟಿ ಕೊಡುವವನಿಗೆ ಮುಂಗಡ ಕೊಡಬೇಡಿ. ವೈದ್ಯಕೀಯಕ್ಕಾದರೆ ನೀಟ್ ಪಾಸಾಗದೆ ಎನ್‌ಆರ್‌ಐ ಸೀಟೂ ಇಲ್ಲ. ಖಾಸಗಿ ಕಾಲೇಜುಗಳಲ್ಲಿ ಎನ್‌ಆರ್‌ಐ ಪಾಲು ನೂರಕ್ಕೆ ಹದಿನೈದನ್ನು ಮೀರಬಾರದೆಂದು, ಅದೂ ನಿಜವಾದ ಅನಿವಾಸಿಗಳಿಗೇ ಸಿಗಬೇಕೆಂದು 2005ರಲ್ಲಿ ಇನಾಂದಾರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ನಿಯಮದಂತೆ ಸಿಗುವ ಸೀಟಿಗೆ ಮಧ್ಯವರ್ತಿ ಬೇಕಿಲ್ಲ, ನಿಯಮ ಮೀರಿ ಸಿಗುವ ಸೀಟು ಯಾವಾಗ ಕೈತಪ್ಪುತ್ತದೋ ಗೊತ್ತಿಲ್ಲ. ಎರಡು, ಮಗಳು ಅರ್ಜಿ ಹಾಕಲಿ. ಸಿಗುತ್ತದೆಂದು ನಾವು ಹೇಳಲಾರೆವು. ಸಿಗದಿರುವ ಸಾಧ್ಯತೆಯೇ ಹೆಚ್ಚು, ಅದನ್ನು ಅವಳಿಗೂ ಮುಚ್ಚಿಡದೆ ಹೇಳಿದೆವು. ಆದರೆ ಅವಳ ಕೈಯಲ್ಲಿ ತೋರಿಸಲು ನಿಜವಾದದ್ದೊಂದು ಇದೆ, ನೋಡುವ ಕಣ್ಣಿರುವ ಬಾಗಿಲೂ ಒಂದಿದೆ. ಹಾಕದೇ ಇರುವ ಅರ್ಜಿಗೆ ಉತ್ತರ ಮಾತ್ರ ಖಂಡಿತ ಗೊತ್ತು.

ಅವಳು ಅರ್ಜಿ ಹಾಕಿದ್ದಾಳೆ. ಜೊತೆಗೆ ಜೆಇಇಗೂ ಕೂರುತ್ತಾಳೆ, ಊರಿನ ಎರಡು ಕಾಲೇಜುಗಳ ಬಿಎಸ್ಸಿಗೂ ಅರ್ಜಿ ಹಾಕಲಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ.

ಇದರಿಂದ ನಮಗೆ ತೋಚಿದ ಮೂರು ನಿಯಮಗಳನ್ನು ಇಲ್ಲಿ ಬರೆದಿಡುತ್ತೇವೆ. ಒಪ್ಪುವವರು ಅಡಿಗೆಮನೆಯ ಫ್ರಿಜ್ಜಿಗೆ ಅಂಟಿಸಿಕೊಳ್ಳಬಹುದು. ಮೊದಲನೆಯದು, ಆಸೆಯ ಅರ್ಜಿ ಒಂದಾದರೆ ಅನ್ನದ ಅರ್ಜಿ ಎರಡಿರಲಿ, ಅನ್ನದ ಕಾಲೇಜನ್ನು ಮನೆಯಲ್ಲಿ ಯಾರೂ ಹೀನಾಯವಾಗಿ ಆಡದಿರಲಿ, ನಾಳೆ ಮಗು ಅಲ್ಲೇ ನಾಲ್ಕು ವರ್ಷ ಕಳೆಯಬೇಕಾಗಬಹುದು. ಎರಡನೆಯದು, ಒಂಬತ್ತನೆಯ ತರಗತಿಯಲ್ಲೇ ಬಾಗಿಲುಗಳ ಪಟ್ಟಿ ಮಾಡಿ, ಯಾವ ಬಾಗಿಲು ಅಂಕಿ ಓದುತ್ತದೆ, ಯಾವುದು ಪುಸ್ತಕ ಬಿಡಿಸಿ ನೋಡುತ್ತದೆ ಎಂದು ತಿಳಿದುಕೊಳ್ಳಿ. ಆಮೇಲೆ ಮೇ ತಿಂಗಳ ಸೆಖೆ ಅರ್ಧ ಇಳಿಯುತ್ತದೆ. ಮೂರನೆಯದು ನಮ್ಮೆಲ್ಲರಿಗೆ: ಮುಂದಿನ ಕೂಟದಲ್ಲಿ ಯಾವ ಮಗುವನ್ನೂ "ಎಷ್ಟು ಬಂತು?" ಎಂದು ಕೇಳುವುದು ಬೇಡ. "ಈಗ ಏನು ಮಾಡ್ತಾ ಇದ್ದೀಯ ಪುಟ್ಟಾ?" ಎಂದು ಕೇಳೋಣ. ಕೇಳಿದ ಮೇಲೆ ಉತ್ತರ ಮುಗಿಯುವವರೆಗೆ ನಿಂತು ಕೇಳೋಣ. ಯಾರ ಮನೆಯಲ್ಲಿ ಯಾವ ನೋಟ್‌ಬುಕ್ ಹಳೇ ಪೇಪರಿನ ಕಟ್ಟಿಗೆ ಸೇರಲಿದೆಯೋ ಯಾರಿಗೆ ಗೊತ್ತು.

ಹನ್ನೆರಡನೆಯ ತರಗತಿಯವರೇ, ನಾಟಕದ ತಾಲೀಮಿಗೆ ಬನ್ನಿ. ಪಾತ್ರ ಹಂಚುವಾಗ ಅಂಕಪಟ್ಟಿ ಕೇಳುವುದಿಲ್ಲವೆಂದು ನಿರ್ದೇಶಕರು ನಮಗೆ ಮಾತು ಕೊಟ್ಟಿದ್ದಾರೆ. ಮುಂದಿನ ಸಂಚಿಕೆಯಲ್ಲಿ ಮರಳು ಮತ್ತು ಗಾಜಿನ ವಿಚಾರ. ಅಲ್ಲಿಯವರೆಗೆ ನಮಸ್ಕಾರ.